ಶ್ರೀಮನ್ಮಹಾ ತೂಗುಕುರ್ಚಿಗೊಂದು ಬಿನ್ನವತ್ತಳೆ

ಕಾಫಿತೋಟ ಕುಲತಿಲಕರೂ, ಕೀಸುಳಿ ಕೇಸರಿಗಳೂ, ಉಳಿ ಉದ್ದಂಡರೂ, ಫೆವಿಕಾಲ್ ಪ್ರವೀಣರೂ, ಮೂರು ಬೆರಳಿಗೆ ಪಟ್ಟಿ ಸುತ್ತಿಕೊಂಡೇ ಈ ಜಗಲಿಯನ್ನು ಅಲಂಕರಿಸಿರುವ ಗಾಯಾಳು ಶಿರೋಮಣಿಗಳೂ, ಅಕ್ಕನ ಗಂಡ ಎಂಬ ಒಂದೇ ಕಾರಣಕ್ಕೆ ನಾನು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿರುವ ಪೂಜ್ಯ ಭಾವನವರೇ. ಅವರ ಪಕ್ಕದಲ್ಲಿ ತುಸು ಎಡಕ್ಕೆ ವಾಲಿ ನಿಂತು, ಗಾಳಿ ಬೀಸಿದರೂ ಹೂಂ ಹೂಂ ಎಂದು ತಲೆಯಾಡಿಸುವ ಶ್ರೀಮನ್ಮಹಾ ತೂಗುಕುರ್ಚಿಯೇ. ಬತ್ತೇರಿಯಿಂದ ಜೀಪು ಮಾಡಿಕೊಂಡು ಬಂದ ನೆಂಟರೇ. ಯಂತ್ರದ ಗರಗಸದ ಅರಚಾಟಕ್ಕೆ ಮೂರು ತಿಂಗಳು ಮಧ್ಯಾಹ್ನದ ನಿದ್ದೆ ಕಳೆದುಕೊಂಡು, ಇವತ್ತು ಪಾಯಸವಾದರೂ ಸಿಕ್ಕಲಿ ಎಂದು ಬಂದಿರುವ ಪಕ್ಕದ ಮನೆಯ ಚೇಟ್ಟನವರೇ, ಚೇಚಿಯವರೇ. ಕಟ್ಟಕಡೆಗೆ, ಈ ಸಭೆಗೆ ಬಾರದೆ ತಪ್ಪಿಸಿಕೊಂಡ, ಬಂದಿದ್ದರೆ ಸನ್ಮಾನ ಬೇರೆಯೇ ಥರ ನಡೆಯಬೇಕಾಗಿದ್ದ ಸಾಮಿಲ್ಲಿನ ಮಹಾನುಭಾವರೇ,

ನಮಸ್ಕಾರ.

ನಾನು ಗುಂಡ್ಲುಪೇಟೆಯವನು. ಬಂಡೀಪುರ ಕಾಡಿನೊಳಗೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಗಾಡಿ ಬಿಡುವುದನ್ನು 2009ರಲ್ಲೇ ನಿಲ್ಲಿಸಿದ್ದಾರೆ. ಒಂಬತ್ತರೊಳಗೆ ನಾನು ಮೂಲೆಹೊಳೆ ಚೆಕ್‌ಪೋಸ್ಟು ದಾಟಬೇಕು. ಆದ್ದರಿಂದ ಭಾಷಣ ಚಿಕ್ಕದು. ಚಿಕ್ಕದೆಂದು ಹೇಳಿ ಶುರುಮಾಡಿದ ಭಾಷಣಗಳ ಗತಿ ನಿಮಗೆ ಗೊತ್ತೇ ಇದೆ.

ಮೊದಲು ಹಾರಾರ್ಪಣೆ. ಗಂಧದ ಹಾರ ತರಲಿಲ್ಲ. ಕೀಸುಳಿಯಿಂದ ಉದುರಿದ ಸುರುಳಿ ಹೊಟ್ಟು ಈ ಅಂಗಳದಲ್ಲಿ ಮೊಣಕಾಲುದ್ದ ಬಿದ್ದಿತ್ತು, ಅದನ್ನೇ ಪೋಣಿಸಿದ್ದೇವೆ. ಭಾವನವರು ಮಾಡಿದ ಕೆಲಸದಲ್ಲಿ ಅಳತೆ ತಪ್ಪದೆ ಬಂದ ವಸ್ತು ಇದೊಂದೇ.

ನಮ್ಮ ಮನೆಗಳಿಗೆ ತೂಗುಕುರ್ಚಿಯ ಕೊರತೆ ಯಾವತ್ತೂ ಇರಲಿಲ್ಲ ಮಹನೀಯರೇ. ಹುಟ್ಟಿದಾಗ ತೊಟ್ಟಿಲು, ದೊಡ್ಡವರಾದ ಮೇಲೆ ನಡುಮನೆಯ ತೂಗುಮಂಚ. ಎರಡಕ್ಕೂ ಸರಪಳಿ ತೊಲೆಯಲ್ಲಿರುತ್ತಿತ್ತು, ಬೀಳುವ ಭಯವಿರಲಿಲ್ಲ. ಈ ಮಲಯಾಳದ ನಾಡಿನವರಿಗೆ ಚಾರುಕಸೇರ ಎಂಬ ಒರಗುಕುರ್ಚಿ ಇತ್ತು. ಬೇಪೂರಿನ ಮ್ಯಾಂಗೊಸ್ಟೀನ್ ಮರದಡಿ ವೈಕಂ ಮುಹಮ್ಮದ್ ಬಷೀರರು ಒರಗುತ್ತಿದ್ದುದು ಅಂಥದ್ದರಲ್ಲೇ. ಅದು ಅಲ್ಲಾಡುವುದಿಲ್ಲ, ಅವರು ಬರೆದದ್ದಕ್ಕೆ ಊರೆಲ್ಲ ಅಲ್ಲಾಡಿತು. ತೂಗುಕುರ್ಚಿ ಅಮೆರಿಕದವರ ಚಟ. ಅಲ್ಲಿನ ಅಧ್ಯಕ್ಷ ಕೆನಡಿಯವರಿಗೆ ಬೆನ್ನುನೋವೆಂದು ಡಾಕ್ಟರು ಹೇಳಿ ಕೂರಿಸಿದರು. ಲಿಂಕನ್ನರು 1865ರ ಏಪ್ರಿಲ್ 14ರ ರಾತ್ರಿ ನಾಟಕಶಾಲೆಯಲ್ಲಿ ಗುಂಡೇಟು ತಿಂದದ್ದು ತೂಗುಕುರ್ಚಿಯಲ್ಲಿ ಕೂತಿದ್ದಾಗ. ಇದನ್ನೆಲ್ಲ ಭಾವನವರಿಗೆ ಮೊದಲೇ ಹೇಳಿದ್ದೆ. ಅವರು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಗಡ್ಡದ ಬಿಳಿಯನೊಬ್ಬ ಶನಿವಾರ ಹಲಗೆ ಕೊಯ್ದು ಭಾನುವಾರ ಸಂಜೆ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ.

ಎರಡು ದಿನ! ಆ ಗಡ್ಡದವನ ಹಲಗೆ ಎಷ್ಟು ವರ್ಷ ಒಣಗಿತ್ತು ಎಂಬುದನ್ನು ವಿಡಿಯೋ ಹೇಳಿತೇ?

ಕ್ಷಮಿಸಿ. ಸನ್ಮಾನಕ್ಕೆ ಬರುತ್ತೇನೆ.

ಭಾವನವರ ಮೊದಲ ಆಸೆ ಬೀಟೆ ಮರ. ವಯನಾಡಿನಲ್ಲಿ ಕೂತು ಬೀಟೆಯನ್ನು ಬಯಸುವುದೆಂದರೆ ಪೊಲೀಸ್ ಠಾಣೆಯ ಎದುರು ಕೂತು ಇಸ್ಪೀಟು ಹಂಚಿದ ಹಾಗೆ. ಇಲ್ಲೇ ಕಲ್ಪೆಟ್ಟದ ಹತ್ತಿರದ ಮುಟ್ಟಿಲಿನ ಸಂಗತಿ ಮರೆತಿಲ್ಲ ತಾನೇ? 2020ರ ಅಕ್ಟೋಬರ್ 24ರಂದು ಕಂದಾಯ ಇಲಾಖೆಯ ಒಂದು ಆದೇಶ ಹೊರಟಿತು. ಸರ್ಕಾರ ಮಂಜೂರು ಮಾಡಿಕೊಟ್ಟ ಜಮೀನಿನಲ್ಲಿ ರೈತರು ಬೆಳೆಸಿದ ಮರ ಕಡಿಯಬಹುದು, ಗಂಧ ಮಾತ್ರ ಮುಟ್ಟಬೇಡಿ ಎಂದು ಅದರ ತಾತ್ಪರ್ಯ. ಆ ಸಂದಿನಲ್ಲಿ ಕೊಡಲಿ ನುಗ್ಗಿತು. 2021ರ ಫೆಬ್ರವರಿಯಲ್ಲಿ ಆದೇಶ ವಾಪಸ್ಸು ಪಡೆಯುವ ಹೊತ್ತಿಗೆ ನೂರಕ್ಕೂ ಹೆಚ್ಚು ಬೀಟೆ ಮರಗಳು ಉರುಳಿದ್ದವು. ಕೆಲವಕ್ಕೆ ನೂರಾರು ವರ್ಷದ ವಯಸ್ಸು. ಮುಟ್ಟುಗೋಲು ಹಾಕಿಕೊಂಡ ದಿಮ್ಮಿಗಳು ಬತ್ತೇರಿಯ ಕುಪ್ಪಾಡಿ ಡಿಪೋ ಸೇರಿ ಮಳೆಯಲ್ಲಿ ನೆನೆದವು. ಟಿಪ್ಪುವಿನ ಕಾಲದ ಮರ ಕೋರ್ಟಿನ ಸಾಕ್ಷಿಯಾಗಿ ಮಲಗಿತು. ಅಂಥ ಜಾತಿಯ ಮರದಲ್ಲಿ ಕೂತು ತೂಗಿಕೊಳ್ಳಲು ನಮ್ಮ ಭಾವನವರಿಗೆ ಆಸೆ!

ಅಕ್ಕ ಹೂಂ ಅನ್ನಲಿಲ್ಲ. ಹಾಗಾಗಿ ಸಿಲ್ವರ್ ಓಕಿಗೆ ಇಳಿದರು. ಆಸ್ಟ್ರೇಲಿಯಾದಿಂದ ಬಂದು ನಮ್ಮ ಕಾಫಿಗೆ ನೆರಳೂ ಮೆಣಸಿನ ಬಳ್ಳಿಗೆ ಆಸರೆಯೂ ಆದ ಮರ ಅದು. ಅದನ್ನು ಕೊಳ್ಳಲು ಹೋದದ್ದು ನಾನು ಹೆಸರು ಹೇಳದ ಊರಿನ ಸಾಮಿಲ್ಲಿಗೆ. ಆಗ ಆ ಮಹಾನುಭಾವರು ಹಲಗೆಯ ಬೆನ್ನು ಸವರಿ ಆಡಿದ ನುಡಿಮುತ್ತು ಹೀಗಿದೆ: “ಉಣಂಗಿಯ ಮರಮಾ, ಸಾರೇ!”

ಒಣಗಿದ ಮರವಂತೆ. ಜುಲೈ ತಿಂಗಳು. ಲಕ್ಕಿಡಿಯಿಂದ ಈಚೆಗೆ ಒಲೆಯ ಮೇಲಿಟ್ಟ ಹಪ್ಪಳವೂ ಮೆತ್ತಗಾಗುವ ಕಾಲದಲ್ಲಿ, ಶೀಟಿನ ಕೆಳಗೆ ಮೂರು ವಾರ ಬಿದ್ದಿದ್ದ ಹಲಗೆಗೆ ಒಣಗಿದ ಮರವೆಂದು ನಾಮಕರಣ! ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂದು ಬಡಗಿಗಳ ಹಳೆಯ ಲೆಕ್ಕವಿದೆ. ಹಲಗೆ ಹಲಗೆಯ ನಡುವೆ ರೀಪು ಕೊಟ್ಟು, ಮಳೆ ತಾಗದ ಹಾಗೆ, ಗಾಳಿ ಆಡುವ ಹಾಗೆ ಪೇರಿಸಬೇಕು. ನಂಬಿಕೆ ಬಾರದಿದ್ದರೆ ಒಂದು ತುಂಡನ್ನು ವಾರಕ್ಕೊಮ್ಮೆ ಅಂಗಡಿಯ ತಕ್ಕಡಿಯಲ್ಲಿ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಒಣಗಿತು ಅನ್ನಿ. ಮರ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲ, ಅಗಲಕ್ಕೆ ಕುಗ್ಗುತ್ತದೆ, ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಇವತ್ತು ಗುಂಡಗೆ ಕೊರೆದ ತೂತು ನಾಳೆ ಮೊಟ್ಟೆಯಾಕಾರ. ಬಿಗಿಯಾಗಿ ಕೂತಿದ್ದ ಗೂಟ ಲೊಡಲೊಡ. ಬಲ್ಲವರು ಇದನ್ನೇ ಉಪಾಯ ಮಾಡಿಕೊಂಡಿದ್ದರು. ಚೆನ್ನಾಗಿ ಒಣಗಿದ ಅಡ್ಡಪಟ್ಟಿಯನ್ನು ತುಸು ಹಸಿ ಇರುವ ಕಾಲಿಗೆ ಬಡಿದು ಕೂರಿಸಿದರೆ, ಕಾಲು ಒಣಗುತ್ತಾ ಪಟ್ಟಿಯನ್ನು ಹಲ್ಲು ಕಚ್ಚಿ ಹಿಡಿಯುತ್ತದೆ. ಭಾವನವರು ಎರಡೂ ಹಸಿಯದನ್ನೇ ಹಾಕಿದ್ದರು, ಏಕೆಂದರೆ “ಉಣಂಗಿಯ ಮರಮಾ, ಸಾರೇ!”

ಓಣಂ ಹೊತ್ತಿಗೆ ಆ ಮೊದಲ ಕುರ್ಚಿ ಕಾಲಗಲಿಸಿ ನಿಂತಿತು. ಕೊಟ್ಟ ದುಡ್ಡಿನ ಸಮೇತ ನಿಂತಲ್ಲೇ ಒಡೆಯಿತು. ನಾನು ಸಾಮಿಲ್ಲಿಗೆ ಹೋಗಿ ಕೇಳಿದೆ. “ನೀವು ಬಿಸಿಲಿಗೆ ಇಟ್ಟಿರಬೇಕು” ಎಂದರು. ಆಗಸ್ಟಿನಲ್ಲಿ ಬಿಸಿಲು ಎಲ್ಲಿತ್ತು ಮಾರಾಯರೇ? ಇದ್ದರೆ ಮೊದಲು ನಮ್ಮ ಪಂಚೆ ಒಣಗಿಸಿಕೊಳ್ಳುತ್ತಿದ್ದೆವು!

ಚಪ್ಪಾಳೆ ಬೇಡ. ಇನ್ನೂ ಇದೆ.

ಒಡೆಯುವ ಮುಂಚೆ ಅದು ಭಾವನವರನ್ನು ಒಮ್ಮೆ ಕೆಡವಿತ್ತು. ಅದಕ್ಕೆ ಸಾಮಿಲ್ಲು ಕಾರಣವಲ್ಲ, ನ್ಯಾಯವಾಗಿ ಹೇಳಬೇಕು. ಕುರ್ಚಿಯಡಿಯ ಬಾಗುಪಟ್ಟಿಗೆ ಗೆರೆ ಎಳೆಯಲು ಅವರು ಹಳೆಯ ಸೈಕಲ್ ಚಕ್ರ ಇಟ್ಟುಕೊಂಡಿದ್ದರು. ಬಾಗುಪಟ್ಟಿ ಒಂದು ದೊಡ್ಡ ವೃತ್ತದ ತುಣುಕು. ಕೂತವರೂ ಕುರ್ಚಿಯೂ ಸೇರಿದ ಭಾರದ ನಡು ಆ ವೃತ್ತದ ನಡುವಿಗಿಂತ ಕೆಳಗಿರಬೇಕು. ಹಾಗಿದ್ದರೆ ಎಷ್ಟೇ ತೂಗಿದರೂ ಕುರ್ಚಿ ತಾನೇ ತಿರುಗಿ ಬರುತ್ತದೆ. ಮೇಲಿದ್ದರೆ ತಿರುಗಿ ಬರುವುದು ಆಂಬುಲೆನ್ಸಿನಲ್ಲಿ. ಸೈಕಲ್ ಚಕ್ರದ ನಡುವಿಂದ ಅಂಚಿಗೆ ಹದಿಮೂರು ಹದಿನಾಲ್ಕು ಅಂಗುಲ. ಭಾವನವರ ಹೊಟ್ಟೆ ಅದಕ್ಕಿಂತ ಮೇಲೆಯೇ ಇರುತ್ತದೆ. ಬೇಕಾದದ್ದು ನಲವತ್ತು ಅಂಗುಲದ ಸುಮಾರು. ನೆಲಕ್ಕೊಂದು ಮೊಳೆ, ನಲವತ್ತು ಅಂಗುಲ ದಾರ, ತುದಿಗೊಂದು ಪೆನ್ಸಿಲು, ಅಷ್ಟೇ ಖರ್ಚು. ಹಿಂದಿನ ಬಾಲ ಒಂದಿಷ್ಟು ಉದ್ದ ಬಿಟ್ಟರೆ ಇನ್ನೂ ಕ್ಷೇಮ.

ಇನ್ನೊಂದು ಮಾತು, ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ನೇರ ಹಲಗೆಯಿಂದ ಬಾಗುಪಟ್ಟಿ ಕೊಯ್ದರೆ ತುದಿಗಳಲ್ಲಿ ಮರದ ಎಳೆ ಅಡ್ಡಡ್ಡ ತುಂಡಾಗಿ, ಒಂದು ದಿನ ಚಕ್ಕೆ ಏಳುತ್ತದೆ. ಮೂರು ಮಿಲಿಮೀಟರಿನ ಎಂಟು ಪಟ್ಟಿ ಸೀಳಿ, ಅಂಟು ಹಚ್ಚಿ, ಬಾಗಿದ ಅಚ್ಚಿಗೆ ಕ್ಲಾಂಪು ಹಾಕಿ ಬಿಗಿದು ಒಂದು ದಿನ ಪೂರ್ತಿ ಬಿಡಬೇಕು. ಎರಡೂ ಕಡೆಯದು ಒಂದೇ ಅಚ್ಚಿನಿಂದ ಇಳಿಯಬೇಕು. ಭಾವನವರು ಎರಡನೆಯ ಸಲ ಹೀಗೇ ಮಾಡಿದರು, ಭೇಷ್! ಬಲಗಡೆಯದನ್ನು ಒಂದು ದಿನ ಬಿಟ್ಟರು. ಎಡಗಡೆಯದನ್ನು ತಡೆಯಲಾರದೆ ಬೆಳಗಿನ ಜಾವವೇ ಬಿಚ್ಚಿದರು. ಅದು ನಿಟ್ಟುಸಿರು ಬಿಟ್ಟು ಕಾಲಂಗುಲ ನೆಟ್ಟಗಾಯಿತು. ಆದ್ದರಿಂದಲೇ ಈ ಶ್ರೀಮನ್ಮಹಾ ತೂಗುಕುರ್ಚಿ ಎಡಕ್ಕೆ ವಾಲುತ್ತದೆ. ತೂಗಿದ ಹಾಗೆಲ್ಲ ನಡೆಯುತ್ತದೆ ಕೂಡ. ಜಗಲಿಯಲ್ಲಿ ಕೂತವರು ಅರ್ಧ ಗಂಟೆಯಲ್ಲಿ ಅಡುಗೆಮನೆ ಬಾಗಿಲಿಗೆ ಬಂದಿರುತ್ತಾರೆ. ಭಾವನವರು ಇದನ್ನು ದೋಷವೆಂದು ಒಪ್ಪುತ್ತಿಲ್ಲ.

ಈ ಸಲದ ಮರ ಯಾವುದೆಂದು ಕೇಳುತ್ತೀರಿ. ಹಲಸು. ನಾಲ್ಕು ವರ್ಷದ ಹಿಂದೆ ಗಾಳಿಮಳೆಗೆ ಹಿತ್ತಲಲ್ಲಿ ಬಿದ್ದದ್ದನ್ನು ಅಕ್ಕ ಹಲಗೆ ಕೊಯ್ಯಿಸಿ, ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದ್ದಳು. ಹೊಗೆ ಕುಡಿದು ಗಂಟೆಯ ಹಾಗೆ ಠಣ್ಣೆನ್ನುತ್ತಿತ್ತು. ಭಾವನವರು ಸಾಮಿಲ್ಲಿಗೆ ಹೊರಟ ದಿನವೇ ಅವಳು, “ರೀ, ಅಟ್ಟದಲ್ಲಿ ಹಲಗೆ ಇದೆ” ಅಂದಿದ್ದಳು. ಅವರಿಗೆ ಕೇಳಿಸಲಿಲ್ಲ, ಗಡ್ಡದವನ ವಿಡಿಯೋ ಓಡುತ್ತಿತ್ತು.

ಇಗೋ ಶಾಲು. ಅಕ್ಕಾ, ಸೌಟು ಕೆಳಗಿಟ್ಟು ಬಾ, ಇದು ನಿನಗೆ. ಪೇಟ ಭಾವನವರಿಗಿರಲಿ, ಹಿಂದಕ್ಕೆ ಬಿದ್ದಾಗ ತಲೆಗೆ ಮೆತ್ತಗಿರುತ್ತದೆ.

ಗಂಟೆ ಏಳೂಕಾಲು. ಅಟ್ಟದಲ್ಲಿ ಇನ್ನೂ ಎರಡು ಹಲಗೆ ಮಿಕ್ಕಿವೆ, ತಗೊಂಡು ಹೋಗಿರು, ನಿನಗೂ ಒಂದು ಕುರ್ಚಿ ಮಾಡಿಕೊಡುತ್ತೇನೆ ಎಂದು ಭಾವನವರು ಈಗಷ್ಟೇ ನನ್ನ ಕಿವಿಯಲ್ಲಿ ಹೇಳಿದರು. ನೆರೆದ ಸಮಸ್ತರಲ್ಲಿ ಕೈಮುಗಿದು ಕೇಳುತ್ತೇನೆ: ನಾನು ಊಟಕ್ಕೆ ಕೂತಿರುವಾಗ ಯಾರೂ ಆ ಹಲಗೆಗಳನ್ನು ನನ್ನ ಕಾರಿನ ಡಿಕ್ಕಿಗೆ ಹಾಕಬೇಡಿ. ಚೆಕ್‌ಪೋಸ್ಟಿನಲ್ಲಿ ಮರಕ್ಕೆ ಕಾಗದ ಕೇಳುತ್ತಾರೆ, ನನ್ನ ಹತ್ತಿರ ಇಲ್ಲ.