ಉಗ್ರಾಣದ ಬಾಗಿಲೂ ಅಭಿಜಿತ್ ಮಾವನೂ

ಪತ್ತೇದಾರಿಕೆಯು ಒಬ್ಬರಿಂದಾಗುವ ಕಾರ್ಯವಲ್ಲವೆಂದು ಮಾನ್ವಿಯ ನನ್ನ ಸೋದರಮಾವನೂ ನಾನೂ ಬಹುಕಾಲದಿಂದ ನಂಬಿಕೊಂಡು ಬಂದವರು. 1998ರಲ್ಲಿ ಬಿ. ಪಿ. ಸಿಂಗರು ಸೋನಿ ವಾಹಿನಿಯಲ್ಲಿ ಆರಂಭಿಸಿದ ‘ಸಿ.ಐ.ಡಿ.’ ಧಾರಾವಾಹಿಯೇ ಈ ವಿಷಯದಲ್ಲಿ ನಮಗೆ ಪ್ರಮಾಣಗ್ರಂಥ. ಅದರಲ್ಲಿ ಆದಿತ್ಯ ಶ್ರೀವಾಸ್ತವರ ಅಭಿಜಿತ್ ಹುಬ್ಬು ಗಂಟಿಕ್ಕಿ ತರ್ಕಿಸುತ್ತಾನೆ. ದಯಾನಂದ ಶೆಟ್ಟಿಯವರ ದಯಾ ಬಾಗಿಲು ಮುರಿಯುತ್ತಾನೆ. ಶೆಟ್ಟಿಯವರು ಉಡುಪಿ ಸೀಮೆಯ ಮೂಲದವರೆಂಬ ಅಭಿಮಾನದಿಂದ, ದೇಹಪ್ರಮಾಣದಲ್ಲಿ ಲೇಶವೂ ಹೋಲಿಕೆಯಿಲ್ಲದಿದ್ದರೂ, ದಯಾನ ಪದವಿಯನ್ನು ನಾನು ವಹಿಸಿಕೊಂಡೆನು; ಮಾವನು ಕನ್ನಡಕ ಧರಿಸುವವನಾದ್ದರಿಂದ ಸಹಜವಾಗಿಯೇ ಅಭಿಜಿತನಾದನು. 2004ರಲ್ಲಿ 111 ನಿಮಿಷಗಳ ಒಂದು ಕಂತನ್ನು ಎಲ್ಲಿಯೂ ಕತ್ತರಿಸದೆ ಒಂದೇ ಚಿತ್ರಿಕೆಯಲ್ಲಿ ತೆಗೆದು ಧಾರಾವಾಹಿಯವರು ದಾಖಲೆ ಸ್ಥಾಪಿಸಿದರು. ರಾಯಚೂರಿನ ನಮ್ಮ ಮನೆಯಲ್ಲಿ, ಮದುವೆಗೆ ಕರೆಯಬಂದ ನೆಂಟರನ್ನೂ ನಳ ಬಂತೆಂಬ ಕೂಗನ್ನೂ ಲೆಕ್ಕಿಸದೆ, ಅಷ್ಟು ಹೊತ್ತೂ ಕದಲದೆ ಕುಳಿತ ನಮ್ಮಿಬ್ಬರನ್ನು ಯಾವ ದಾಖಲೆಯವರೂ ವಿಚಾರಿಸಲಿಲ್ಲ.

ಇಂತಿರಲು, ಒಂದು ನಾಗರ ಪಂಚಮಿಗೆ ದೇವದುರ್ಗದ ಚಿಕ್ಕಮ್ಮನ ಮನೆಯಲ್ಲಿ ಡಬ್ಬಿಯೊಳಗಿನ ಶೇಂಗಾ ಉಂಡಿಗಳು ಅರ್ಧಕ್ಕರ್ಧ ಮಾಯವಾದವು. ಡಬ್ಬಿ ಉಗ್ರಾಣದಲ್ಲಿ, ಉಗ್ರಾಣಕ್ಕೆ ಬೀಗ, ಬೀಗದ ಕೈಯನ್ನು ಚಿಕ್ಕಮ್ಮ ನಮ್ಮೆದುರಿಗೇ ಹಿಡಿದು ನಿಂತಿದ್ದಳು. ಆದರೆ ಬೀಗದ ಮೇಲೆ ಅಪರಾಧಿಯ ಬೆರಳಚ್ಚು ಇರಬಹುದಾದ ಸಂಭವವನ್ನು ಪರ್ಯಾಲೋಚಿಸಿದ ಮಾವನು, ಧಾರಾವಾಹಿಯ ಎ.ಸಿ.ಪಿ. ಪ್ರದ್ಯುಮ್ನನ ಠೀವಿಯಲ್ಲಿ ಅಂಗೈಯನ್ನು ಗಾಳಿಯಲ್ಲಿ ತಿರುವಿ, “ದಯಾ, ಬಾಗಲಾ ಮುರಿ” ಎಂದು ಆಜ್ಞಾಪಿಸಿದನು. ನಾನು ಹಿಂದೆ ಹಿಂದೆ ಸರಿದು, ಪಡಸಾಲೆಯನ್ನು ದಾಟಿ, ತುಳಸಿಕಟ್ಟೆಗೆ ಬೆನ್ನು ತಾಗುವವರೆಗೂ ಹೋಗಿ, ಧೋತರದ ಅಂಚನ್ನು ಮೇಲಕ್ಕೆ ಸಿಕ್ಕಿಸಿ, ಬಲಭುಜವೋ ಎಡಭುಜವೋ ಎಂಬ ಶಾಸ್ತ್ರಾರ್ಥವನ್ನು ಮಾವನೊಡನೆ ನಿರ್ಣಯಿಸಿಕೊಂಡು, ಕುಲದೇವರನ್ನು ಸ್ಮರಿಸಿ, ಓಡಿಬಂದು, ಅಜ್ಜನ ಕಾಲದ ಆ ಸಾಗವಾನಿ ಬಾಗಿಲಿಗೆ ಅಪ್ಪಳಿಸಲು, ಮುಂಬಯಿಯ ಬಾಗಿಲುಗಳಿಗಿರುವ ಸೌಜನ್ಯವು ದೇವದುರ್ಗದ ಬಾಗಿಲುಗಳಿಗಿಲ್ಲವೆಂಬ ಸತ್ಯವು ಭುಜದಿಂದ ಹೊರಟು ಬೆನ್ನೆಲುಬಿನ ಮಾರ್ಗವಾಗಿ ಹಿಮ್ಮಡಿಯವರೆಗೆ ಪ್ರಸಾರವಾಯಿತು. ತೋರಣದ ಒಂದು ಒಣ ಎಲೆ ಮಾತ್ರ ಉದುರಿತು. ಮಾವನು ಅದನ್ನು ಸಾಕ್ಷ್ಯವೆಂದು ಕಾಗದದಲ್ಲಿ ಮಡಚಿಟ್ಟುಕೊಂಡನು. “ಮುಗೀತೇನಪಾ ತಮ್ಮಾ?” ಎಂದು ಚಿಕ್ಕಮ್ಮ ಬೀಗ ತೆಗೆದಳು.

ಇಷ್ಟರಲ್ಲಿ ಹಬ್ಬಕ್ಕೆ ಬಂದ ನೆಂಟರು ತೀರ್ಪನ್ನು ಕೊಟ್ಟಾಗಿತ್ತು: ಭಾಂಡೆ ತಿಕ್ಕುವ ಹೆಣ್ಣುಮಗಳೇ, ಮತ್ತಾರು? ಧಾರಾವಾಹಿಯಲ್ಲಿ ಸಂಶಯವು ಬಂಗಲೆಯ ಯಜಮಾನನನ್ನೂ ಬಿಡುವುದಿಲ್ಲ. ಸತ್ತವನ ಪತ್ನಿ, ಪಾಲುದಾರ, ವಕೀಲ, ಎಲ್ಲರನ್ನೂ ಒಂದು ಸುತ್ತು ವಿಚಾರಿಸಿಕೊಂಡೇ ಮುಂದೆ ಸಾಗುತ್ತದೆ. ನಮ್ಮ ಮನೆಗಳಲ್ಲಿ ಮಾತ್ರ ಅದು ನೀರಿನಂತೆ ತಗ್ಗನ್ನೇ ಅರಸಿ ಹರಿದು, ಹಿತ್ತಲಿನ ಬಚ್ಚಲಗಲ್ಲಿನ ಬಳಿ ಕುಳಿತವಳನ್ನು ಮುಟ್ಟಿ ನಿಂತುಬಿಡುತ್ತದೆ. ಉಂಡಿ ತಿಂದವರ ಮೇಲೆ ಬಾರದ ಸಿಟ್ಟು ನನಗೆ ಹಾಗೆಂದವರ ಮೇಲೆ ಬಂದಿತು.

ಆಕೆ ಅಳಲಿಲ್ಲ. ಬೂದಿಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಪಡಸಾಲೆಗೆ ಬಂದು, “ನಾನೂ ಸಿ.ಐ.ಡಿ. ನೋಡ್ತೀನ್ರಿ. ಅವರು ಮನ್ಯಾಗ ಇದ್ದೋರ್ನ ಎಲ್ಲಾರ್ನೂ ಕೇಳ್ತಾರ. ನಿನ್ನಿ ರಾತ್ರಿ ಯಾರ್ಯಾರು ಎಲ್ಲೆಲ್ಲಿ ಇದ್ರಿ, ಒಬ್ಬೊಬ್ರೇ ಹೇಳ್ರಿ” ಎಂದಳು. ನೆಂಟರಲ್ಲಿ ಕೆಲವರಿಗೆ ಆ ಕ್ಷಣವೇ ಬಾಯಾರಿಕೆಯಾಯಿತು. ನನ್ನನ್ನು ಮಾತ್ರ ಆಕೆ ವಿಚಾರಣೆಯಿಲ್ಲದೆಯೇ ಖುಲಾಸೆ ಮಾಡಿದಳು: “ಬಾಗಲಾ ಗುದ್ದಿದವ್ರು ಕದ್ದಿರಂಗಿಲ್ರಿ. ಕದ್ದೋರಿಗಿ ಬೀಗದ ಕೈ ಎಲ್ಲಿ ಇರ್ತದಂತ ಗೊತ್ತಿರ್ತದ.” ಇಷ್ಟು ಕಂತುಗಳನ್ನು ನೋಡಿಯೂ ನಮ್ಮಿಬ್ಬರಿಗೆ ಹೊಳೆಯದಿದ್ದ ತರ್ಕವದು!

ಅನಂತರ ಆಕೆ ಮಾವನ ಕಡೆಗೆ ತಿರುಗಿ, “ಮತ್ತ ಕನ್ನಡಕದ ರಾಯರ, ನೀವ್ರಿ?” ಎಂದಳು. ಸಕ್ಕರೆ ಕಾಯಿಲೆಯ ದೆಸೆಯಿಂದ ಉಂಡಿಯ ಡಬ್ಬಿಯನ್ನು ನೋಡಲೂ ಅನುಮತಿಯಿಲ್ಲದ ನಮ್ಮ ಅಭಿಜಿತನು ಕನ್ನಡಕವನ್ನು ತೆಗೆದು ಒರೆಸಿ, ಮತ್ತೆ ಧರಿಸಿ, ಕೈಗಡಿಯಾರವನ್ನು ದೀರ್ಘವಾಗಿ ಅವಲೋಕಿಸಿ, ಮಾನ್ವಿಯ ಬಸ್ಸಿಗೆ ಹೊತ್ತಾಯಿತೆಂದು ಹಬ್ಬದ ಊಟವನ್ನೂ ತೊರೆದು ಎದ್ದನು. ಚಿಕ್ಕಮ್ಮ ಅಡ್ಡ ನಿಂತು ಬಾಗಿಲು ಹಾಕಿ ಅಗಳಿ ಜಡಿದಳು. ಮಾವನು ನನ್ನ ಭುಜದ ಕಡೆಗೆ ಆಸೆಯಿಂದ ನೋಡಿದನು.