ಸಪ್ತಾಪುರದ ಹಿರಿಯ ಸ್ಪರ್ಧಾರ್ಥಿ

ಸರ್ಕಾರಿ ಹುದ್ದೆಯ ಪರೀಕ್ಷೆಗಳಿಗೆ ಓದುವವರು ರಾಜ್ಯದ ನಾನಾ ಜಿಲ್ಲೆಗಳಿಂದ ಬಂದು ನೆರೆಯುವ ಊರುಗಳಲ್ಲಿ ಧಾರವಾಡ ಮುಖ್ಯವಾದುದು. ಆ ಊರಿನ ಸಪ್ತಾಪುರದಲ್ಲಿ, ತರಬೇತಿ ಕೇಂದ್ರ, ಪಿ.ಜಿ., ಖಾನಾವಳಿ ಮತ್ತು ಝೆರಾಕ್ಸ್ ಅಂಗಡಿಗಳ ನಡುವೆ ಕಾಣಸಿಗುವವರಲ್ಲಿ ವಿಶೇಷ ಅಧ್ಯಯನಕ್ಕೆ ಅರ್ಹನಾದವನು ಹಿರಿಯ ಸ್ಪರ್ಧಾರ್ಥಿ. ಪದವಿ ಮುಗಿದ ವರ್ಷವೇ ಬ್ಯಾಗು ಹೊತ್ತು ಬಂದ ಈತ ಎಸ್‌ಡಿಎ, ಎಫ್‌ಡಿಎ, ಪಿಡಿಒ, ಪಿಎಸ್‌ಐ, ಕೆಎಎಸ್ ಎಲ್ಲವನ್ನೂ ಬರೆದಿದ್ದಾನೆ, ಕೆಲವನ್ನು ಮತ್ತೆ ಮತ್ತೆ ಬರೆದಿದ್ದಾನೆ, ಮತ್ತು ಪ್ರತಿಯೊಂದನ್ನೂ ಒಂದೆರಡು ಅಂಕಗಳಲ್ಲಿ ಕಳೆದುಕೊಂಡಿದ್ದಾನೆ. ಆ ಒಂದೆರಡು ಅಂಕಗಳಿಗೆ ಅವನ ಮಾತಿನ ಹೊರತು ಬೇರೆ ಆಧಾರ ಇದುವರೆಗೆ ದೊರೆತಿಲ್ಲ.

ಅವನ ನೆಲೆ ಲೈಬ್ರರಿ. ತಿಂಗಳ ಬಾಡಿಗೆಗೆ ಒಂದು ಕುರ್ಚಿ, ಮೇಜು, ದೀಪ ಮತ್ತು ಮೊಬೈಲ್ ಚಾರ್ಜಿಗೆ ಒಂದು ಸಾಕೆಟ್ಟನ್ನು ಒದಗಿಸುವ, ಪುಸ್ತಕಗಳನ್ನು ಮಾತ್ರ ಓದುಗರೇ ಹೊತ್ತು ತರಬೇಕಾದ ಓದುಮನೆಗೆ ಆ ಭಾಗದಲ್ಲಿ ಈ ಹೆಸರಿದೆ. ಕಿಟಕಿಯ ಪಕ್ಕದ ಆಸನವು ಯಾವ ಆದೇಶವೂ ಇಲ್ಲದೆ ಅವನದಾಗಿದ್ದು, ಹೊಸಬನೊಬ್ಬ ತಿಳಿಯದೆ ಅಲ್ಲಿ ಕುಳಿತರೆ ಅಕ್ಕಪಕ್ಕದವರೇ ಅವನನ್ನು ಎಬ್ಬಿಸುತ್ತಾರೆ. ಕಿರಿಯರು ಅವನನ್ನು ‘ಸರ್’ ಎನ್ನುತ್ತಾರೆ; ಹುದ್ದೆಗೆ ಮೊದಲೇ ಹುದ್ದೆಯ ಗೌರವ ಸಲ್ಲುವ ಇಂತಹ ಇನ್ನೊಂದು ಕ್ಷೇತ್ರ ವಿರಳ.

ಮಾನಸಿಕ ಸಾಮರ್ಥ್ಯ, ಅಂದರೆ ಅಭ್ಯರ್ಥಿಯ ತರ್ಕ ಮತ್ತು ಲೆಕ್ಕದ ಚುರುಕನ್ನು ಅಳೆಯುವ ಪ್ರಶ್ನೆಗಳ ವಿಭಾಗ, ಅವನಿಗೆ ಕರತಲಾಮಲಕ. ಮೂರೂ ಕಾಲು ಗಂಟೆಗೆ ಗಡಿಯಾರದ ಮುಳ್ಳುಗಳ ನಡುವಿನ ಕೋನ ಏಳೂವರೆ ಡಿಗ್ರಿ ಎಂಬುದನ್ನು ಪ್ರಶ್ನೆ ಮುಗಿಯುವ ಮೊದಲೇ ಹೇಳುತ್ತಾನೆ, ಆದರೆ ತರಗತಿಗೆ ಬರುವಾಗ ಅದೇ ಗಡಿಯಾರವನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಭಾವಚಿತ್ರದಲ್ಲಿರುವ ಮಹಿಳೆ ಅದನ್ನು ತೋರಿಸುವವನಿಗೆ ಏನಾಗಬೇಕು ಎಂಬ ಬಗೆಯ ರಕ್ತಸಂಬಂಧದ ಪ್ರಶ್ನೆಗಳಲ್ಲಿ ಅವನನ್ನು ಮೀರಿಸಿದವರಿಲ್ಲ. ಹಾಗಿದ್ದೂ ಸ್ವಂತ ರಕ್ತಸಂಬಂಧಿಗಳ ಮದುವೆ, ಗೃಹಪ್ರವೇಶಗಳಿಗೆ ಅವನು ಹೋಗುವುದಿಲ್ಲ, ಏಕೆಂದರೆ ಅಲ್ಲಿ ಸೋದರಮಾವ ಕೇಳುವ ಒಂದೇ ಪ್ರಶ್ನೆಗೆ ನಾಲ್ಕು ಆಯ್ಕೆಗಳಿರುವುದಿಲ್ಲ.

ಅವನ ನಿಜವಾದ ಪಾಂಡಿತ್ಯವಿರುವುದು ಋಣಾತ್ಮಕ ಅಂಕಗಳಲ್ಲಿ, ಅಂದರೆ ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿಯಲ್ಲಿ. ನಾಲ್ಕು ಆಯ್ಕೆಗಳ ಪ್ರಶ್ನೆಯೊಂದರಲ್ಲಿ ತಪ್ಪಿಗೆ ಕಾಲು ಭಾಗ ಕಳೆಯುವುದಾದರೆ ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಾಸರಿಯಲ್ಲಿ ಆ ಪ್ರಶ್ನೆಯ ಅಂಕದ ಹದಿನಾರನೆಯ ಒಂದು ಭಾಗ ಲಾಭವೆಂದೂ, ಕೇಂದ್ರ ಲೋಕಸೇವಾ ಆಯೋಗದಂತೆ ಮೂರನೆಯ ಒಂದು ಭಾಗ ಕಳೆಯುವಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲವೆಂದೂ ಅವನು ಚಹದ ಅಂಗಡಿಯ ಹೊರಗೆ ನಿಂತು ಬಿಡಿಸಿ ತೋರಿಸುತ್ತಾನೆ. ಗಣಿತ ಸರಿಯಾಗಿಯೇ ಇದೆ. ಕುರುಡಾಗಿ ಗುರುತಿಸಿದ ಹದಿನಾರು ಪ್ರಶ್ನೆಗಳಿಂದ ಒಂದು ಪ್ರಶ್ನೆಯ ಅಂಕವಾದರೂ ಕೈಸೇರಬೇಕಿತ್ತು; ಸೇರದಿದ್ದರೆ ತಪ್ಪು ಪ್ರಶ್ನೆಪತ್ರಿಕೆಯದು ಎಂಬುದು ಅವನ ನಿಲುವು.

ಈ ನಿಲುವನ್ನು ಪೂರ್ತಿ ತಳ್ಳಿಹಾಕಲು ಆಗದಂತೆ ನೋಡಿಕೊಂಡವರು ಪರೀಕ್ಷೆ ನಡೆಸುವವರೇ ಎಂಬುದನ್ನು ಇಲ್ಲಿ ಹೇಳಬೇಕು. 384 ಕೆಎಎಸ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆದ ಪೂರ್ವಭಾವಿ ಪರೀಕ್ಷೆ ಕನ್ನಡ ಅನುವಾದದ ದೋಷಗಳಿಂದಾಗಿ ಡಿಸೆಂಬರ್ 29ರಂದು ಮತ್ತೆ ನಡೆಯಿತು, ಮತ್ತು ಮರುಪರೀಕ್ಷೆಯ ಅನುವಾದದ ಮೇಲೂ ದೂರುಗಳು ಬಂದವು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆಯು ಅಕ್ರಮದ ಕಾರಣ ರದ್ದಾಗಿ ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಓದಿದವನಿಗೂ ಓದದವನಿಗೂ ಒಂದೇ ಬಗೆಯ ಅನಿಶ್ಚಯ ಕಾದಿರುವಾಗ, ಪಠ್ಯಕ್ರಮವನ್ನು ಬಿಟ್ಟು ಪರೀಕ್ಷೆಯನ್ನೇ ವ್ಯಾಸಂಗದ ವಿಷಯವಾಗಿ ಆರಿಸಿಕೊಂಡ ಅವನ ಕ್ರಮವು ಅಷ್ಟೇನೂ ಅವಿವೇಕದ್ದಲ್ಲ. ಸಂವಿಧಾನದ 371ಜೆ ವಿಧಿಯನ್ನು, ಅಂದರೆ ಕಲ್ಯಾಣ ಕರ್ನಾಟಕದವರಿಗೆ ಹುದ್ದೆ ಮೀಸಲಿಡಲು ಅವಕಾಶ ಕೊಟ್ಟ 2012ರ ತಿದ್ದುಪಡಿಯ ಫಲವನ್ನು, ಅವನು ವಕೀಲರಿಗೆ ಸಾಟಿಯಾಗಿ ವಿವರಿಸಬಲ್ಲ. ಅದೇ ಸಂವಿಧಾನದ ಮೂಲಭೂತ ಕರ್ತವ್ಯಗಳ ಪ್ರಶ್ನೆಯಲ್ಲಿ ಮಾತ್ರ ಪ್ರತಿ ಬಾರಿಯೂ ಎಡವುತ್ತಾನೆ.

ಪರೀಕ್ಷೆ ಮುಗಿದ ಸಂಜೆ ಅವನ ಪಾಲಿಗೆ ಹಬ್ಬ. ಕೀ ಉತ್ತರಗಳು ಪ್ರಕಟವಾಗುವ ಮೊದಲೇ ಅವನ ಕೀ ಉತ್ತರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ, ಕಿರಿಯರು ಸುತ್ತುವರಿದು “ಸರ್ರ, ಕಟ್‌ಆಫ್ ಎಷ್ಟಕ್ಕ ನಿಲ್ತೈತ್ರಿ?” ಎಂದು ಕೇಳುತ್ತಾರೆ, ಅವನು ಆಕಾಶವನ್ನೊಮ್ಮೆ ನೋಡಿ, “ಪೇಪರ್ ಹಗೂರ ಇತ್ತು ತಮ್ಮಾ, ಏರತೈತಿ” ಎನ್ನುತ್ತಾನೆ. ಪತ್ರಿಕೆ ಕಠಿಣವಾಗಿದ್ದ ವರ್ಷವೂ ಅದು ಏರುತ್ತದೆ, ಏಕೆಂದರೆ ಆ ವರ್ಷ ಎಲ್ಲರೂ ಚೆನ್ನಾಗಿ ಓದಿಕೊಂಡಿರುತ್ತಾರೆ.

ವಯೋಮಿತಿಯೊಂದೇ ಅವನನ್ನು ಅಳುಕಿಸುವ ಸಂಗತಿ. ಕೆಎಎಸ್‌ಗೆ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೂ ಪ್ರವರ್ಗ ಒಂದಕ್ಕೂ 40 ಎಂಬ ಮಿತಿಯ ಅಂಚಿಗೆ ಬಂದಾಗಲೆಲ್ಲ ಅವನು ಮನವಿಪತ್ರವೊಂದನ್ನು ಬರೆದು ಸಹಿ ಸಂಗ್ರಹಿಸುತ್ತಾನೆ. ಸರ್ಕಾರ ಮೂರು ವರ್ಷಗಳ ಸಡಿಲಿಕೆ ಕೊಟ್ಟರೆ ಅದು ತನ್ನ ಮನವಿಯ ಫಲವೆಂದು ನಂಬಿ, ಸಿಕ್ಕ ಮೂರು ವರ್ಷಗಳಿಗೆ ಅಂದೇ ಹೊಸ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುತ್ತಾನೆ.

ಅವನಿಂದ ಟಿಪ್ಪಣಿ ಪಡೆದು ಓದಿದವರು ಮಾತ್ರ ಒಬ್ಬೊಬ್ಬರಾಗಿ ಹುದ್ದೆ ಸೇರಿದ್ದಾರೆ. ಅವರಲ್ಲಿ ಪಿಡಿಒ ಆದ ಹುಡುಗನೊಬ್ಬ, ಸೇವೆಯಲ್ಲಿರುವವರು ಬಡ್ತಿಗಾಗಿ ಬರೆಯಬೇಕಾದ ಇಲಾಖಾ ಪರೀಕ್ಷೆಗೆ ಏನು ಓದಬೇಕೆಂದು ಫೋನಿನಲ್ಲಿ ಕೇಳಿದರೆ, ಯಾವ ಇಲಾಖೆಯ ಮೆಟ್ಟಿಲನ್ನೂ ಹತ್ತದ ಹಿರಿಯನು ತಡವರಿಸದೆ, “ಮೊದ್ಲ ಅಕೌಂಟ್ಸ್ ಹೈಯರ್ ಮುಗಿಸ್ಕೋ, ಜನರಲ್ ಲಾ ಮುಂದಿನ ಸಲ ಆಗತೈತಿ, ನೋಟ್ಸ್ ನನ್ ಹಂತ್ಯಾಕ ಅದಾವು, ಕಳಸ್ತೀನಿ” ಎನ್ನುತ್ತಾನೆ.