ಟೀ ಅಂಗಡಿಯ ಜ್ಯೂರಿ

ನಮ್ಮ ದೇಶದಲ್ಲಿ ಜ್ಯೂರಿ ಪದ್ಧತಿ ತೀರಿಕೊಂಡು ಬಹಳ ವರ್ಷವಾಯಿತೆಂದು ಕಾನೂನಿನ ಪುಸ್ತಕಗಳು ಹೇಳುತ್ತವೆ. 1959ರಲ್ಲಿ ಬೊಂಬಾಯಿಯಲ್ಲಿ ನೌಕಾದಳದ ಅಧಿಕಾರಿ ನಾನಾವತಿ ಹೆಂಡತಿಯ ಪ್ರಿಯಕರನಿಗೆ ಗುಂಡಿಕ್ಕಿದ. ಒಂಬತ್ತು ಮಂದಿ ಜ್ಯೂರಿಗಳಲ್ಲಿ ಎಂಟು ಮಂದಿ ಅವನು ನಿರಪರಾಧಿ ಎಂದುಬಿಟ್ಟರು. ಹೈಕೋರ್ಟು ಹೌಹಾರಿ ಅದನ್ನು ತಳ್ಳಿಹಾಕಿ ಶಿಕ್ಷೆ ವಿಧಿಸಿತು. 1961ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆ ಬರೆದವರು ಜ್ಯೂರಿಗೆ ಕೂರಲು ಬೆಂಚನ್ನೇ ಇಡಲಿಲ್ಲ. ಪಾರ್ಸಿಗಳ ವಿಚ್ಛೇದನದ ಮೊಕದ್ದಮೆಯಲ್ಲಿ ಅದರ ಒಂದೆಳೆ ಉಳಿದಿದೆಯಂತೆ, ಅಷ್ಟೆ. ಇದು ಪುಸ್ತಕದ ಮಾತು. ಮೈಸೂರಿನ ರಾಜೀವನಗರದ ಯಾವುದಾದರೊಂದು ಟೀ ಅಂಗಡಿಯ ಮುಂದೆ ಸಂಜೆ ನಿಂತವರಿಗೆ ಗೊತ್ತಾಗುವುದೇ ಬೇರೆ. ಜ್ಯೂರಿ ಸತ್ತಿಲ್ಲ, ವರ್ಗವಾಗಿದೆ. ನಿನ್ನೆ ರಾತ್ರಿ ಮೊಬೈಲಿನಲ್ಲಿ ನೋಡಿ ಮುಗಿಸಿದ ಕೊಲೆಯ ಕಥೆಯನ್ನು ಮುಂದಿಟ್ಟುಕೊಂಡು ನಾಲ್ಕು ಜನ ವಾದಿಸುವುದನ್ನು ಹರಟೆ ಎನ್ನುವವರು ವಿಷಯ ತಿಳಿಯದವರು. ಥ್ರಿಲ್ಲರ್ ನೋಡುವವನು ಹೆದರಲಿಕ್ಕೂ ಬೆಚ್ಚಿಬೀಳಲಿಕ್ಕೂ ನೋಡುವುದಿಲ್ಲ, ತೀರ್ಪು ಕೊಡಲಿಕ್ಕೆ ನೋಡುತ್ತಾನೆ ಎಂಬುದು ನನ್ನ ವಾದ.

ಬೆಚ್ಚಿಬೀಳುವುದೇ ಸುಖವಾಗಿದ್ದರೆ ಕಾಡುಗಳ್ಳ ವೀರಪ್ಪನ್ ಕಥೆಯನ್ನು ಯಾರೂ ಎರಡನೆಯ ಸಲ ನೋಡಬಾರದಿತ್ತು. ಅದರ ಕೊನೆ ಯಾರಿಗೆ ಗೊತ್ತಿಲ್ಲ? 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿಯ ಪಾಪ್ಪಾರಪಟ್ಟಿ ಹತ್ತಿರ ಆಂಬುಲೆನ್ಸು, ಗುಂಡು, ಮುಗಿಯಿತು. ಆದರೂ 2013ರಲ್ಲಿ ಎ.ಎಂ.ಆರ್. ರಮೇಶ್ ಅವರ 'ಅಟ್ಟಹಾಸ' ಬಂದಾಗ ನೋಡಿದರು. 2023ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಸಾಕ್ಷ್ಯಚಿತ್ರ ಸರಣಿ ಬಂದಾಗ ನಿದ್ದೆಗೆಟ್ಟು ಮತ್ತೆ ನೋಡಿದರು. ಮೈಸೂರಿನವರಿಗೆ ಇದು ಪರದೇಶದ ಕಥೆಯೂ ಅಲ್ಲ. ಚಾಮರಾಜನಗರ 1997ರ ತನಕ ಮೈಸೂರು ಜಿಲ್ಲೆಯೊಳಗೇ ಇತ್ತು. 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಜೊತೆ ವೀರಪ್ಪನ್‌ನ ಹೊಂಚುದಾಳಿಗೆ ಬಲಿಯಾದ ಹರಿಕೃಷ್ಣ ಮೈಸೂರಿನ ಎಸ್ಪಿ. ಅವನ ಗುಂಪು ನಡೆಸಿದ 1993ರ ಪಾಲಾರ್ ಸ್ಫೋಟದ ವಿಚಾರಣೆ ನಡೆದದ್ದು ಮೈಸೂರಿನ ಟಾಡಾ ನ್ಯಾಯಾಲಯದಲ್ಲಿ. ಹೀಗಾಗಿ ಈ ಮೊಕದ್ದಮೆ ತಮ್ಮ ವ್ಯಾಪ್ತಿಗೇ ಬರುತ್ತದೆಂದು ಟೀ ಅಂಗಡಿಯ ಜ್ಯೂರಿ ನಂಬಿದರೆ ತಪ್ಪು ಹೇಳಲಾಗದು. ವಾದವಾದರೂ ಎಂಥದು! ಕಾಡಿನಲ್ಲಿ ಎಲೆ ಅಲುಗಿದರೂ ತಿಳಿಯುತ್ತಿದ್ದವನಿಗೆ ಆಂಬುಲೆನ್ಸ್ ಓಡಿಸುತ್ತಿದ್ದವನು ಪೊಲೀಸಿನವನೆಂದು ಯಾಕೆ ತಿಳಿಯಲಿಲ್ಲ ಎಂದು ಒಬ್ಬ ಕೇಳಿದರೆ, "ಕಣ್ಣು ಮಂಜಾಗಿತ್ತಲ್ಲ ಭಾಯ್, ಕಣ್ಣಿನ ಆಸ್ಪತ್ರೆಗೇ ತಾನೆ ಹೊರಟಿದ್ದು" ಎಂದು ಇನ್ನೊಬ್ಬ ಮುಗಿಸುತ್ತಾನೆ. ನಟ ರಾಜಕುಮಾರ್ ಗಾಜನೂರಿನಿಂದ ಅಪಹೃತರಾಗಿ 108 ದಿನ ಕಾಡಿನಲ್ಲಿದ್ದರಲ್ಲ, ಆ ಒಂದೊಂದು ದಿನಕ್ಕೂ ಒಂದೊಂದು ಸಿದ್ಧಾಂತ ಇಟ್ಟುಕೊಂಡವರು ಊರ ತುಂಬಾ ಇದ್ದಾರೆ. ಬಿಡುಗಡೆಗೆ ಹಣ ಸಂದಿತೇ ಎಂಬ ಪ್ರಶ್ನೆ ಬಂದಾಗ ಮಾತ್ರ ಎಲ್ಲರೂ ಲೋಟ ಎತ್ತಿ ತೀರ್ಪನ್ನು ಕಾಯ್ದಿರಿಸುತ್ತಾರೆ. ಕೊನೆ ಗೊತ್ತಿರುವ ಕಥೆಯಲ್ಲಿ ಇವರು ಹುಡುಕುವುದು ಕೊನೆಯನ್ನಲ್ಲ. ಯಾರ ಮಾತು ಯಾರ ಮಾತಿಗೆ ಕೂಡಿಬರುವುದಿಲ್ಲ ಎಂಬುದನ್ನು.

ಕಲ್ಪಿತ ಕಥೆಯ ಮೇಲೂ ಇದೇ ಪಾಟೀಸವಾಲು. ಈ ತರಬೇತಿ ಹಳೆಯದು. ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳ ಕಾಲದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಇಡೀ ಒಂದು ತಲೆಮಾರಿಗೆ ಸುಳಿವು ಎಣಿಸುವುದನ್ನು ಕಲಿಸಿದ. ಸುನೀಲ್ ಕುಮಾರ್ ದೇಸಾಯಿ 1989ರಲ್ಲಿ 'ತರ್ಕ', 1993ರಲ್ಲಿ 'ನಿಷ್ಕರ್ಷ' ಮಾಡಿದಾಗ ಹಾಡುಗಳನ್ನೇ ಕೈಬಿಟ್ಟದ್ದಕ್ಕೆ ಈಗಲೂ ಅಭಿಮಾನಿಗಳು ಕೈಮುಗಿಯುತ್ತಾರೆ. ನ್ಯಾಯವೇ ಅಲ್ಲವೇ? ವಿಚಾರಣೆ ನಡುವೆ ಜ್ಯೂರಿಯನ್ನು ಊಟಿಗೆ ಪಿಕ್ನಿಕ್ಕಿಗೆ ಕರೆದೊಯ್ದು ಕುಣಿಸಿದರೆ ಸಾಕ್ಷ್ಯ ಎಲ್ಲಿ ನೆನಪಿರುತ್ತದೆ? 'ಕವಲುದಾರಿ'ಯಲ್ಲಿ ಮೆಟ್ರೋ ಕೆಲಸಕ್ಕೆ ನೆಲ ಅಗೆದಾಗ ಹಳೆಯ ಕೊಲೆಯ ಎಲುಬುಗಳು ಸಿಗುತ್ತವೆ. ಮೈಸೂರಿಗೆ ಮೆಟ್ರೋ ಬಾರದ ಕಾರಣ ಇಲ್ಲಿಯ ಕೊಲೆಗಾರರು ಸದ್ಯಕ್ಕೆ ನೆಮ್ಮದಿಯಿಂದ ಮಲಗಬಹುದೆಂದು ಜ್ಯೂರಿ ಷರಾ ಬರೆಯಿತು. ಪವನ್ ಕುಮಾರ್ ಅವರ 'ಯೂ ಟರ್ನ್' ಎದುರಿಗೆ ಬಂದಾಗ ಮಾತ್ರ ಪೀಠ ಸ್ವಲ್ಪ ತಡವರಿಸಿತು. ಫ್ಲೈಓವರಿನ ನಡುವಿನ ಕಲ್ಲು ಸರಿಸಿ ಗಾಡಿ ತಿರುಗಿಸಿಕೊಂಡವರೇ ಅದರಲ್ಲಿ ಅಪರಾಧಿಗಳು. ಅಂಗಡಿಯ ಮುಂದೆ ಸ್ಕೂಟರನ್ನು ಎದುರು ದಿಕ್ಕಿನಿಂದ ತಂದು ನಿಲ್ಲಿಸಿದವರು ಅಂದು ಬೇಗ ಮನೆಗೆ ಹೊರಟರೆಂದರೆ ನಂಬಬಹುದು.

ಆಕ್ಷೇಪಗಳಿವೆ, ಹಗುರವಾದವೂ ಅಲ್ಲ. ಸತ್ತದ್ದು ನಿಜವಾದ ಮನುಷ್ಯರು, ಅವರ ಮನೆಯವರು ಇನ್ನೂ ಬದುಕಿದ್ದಾರೆ, ಅದನ್ನು ಬನ್ನಿನ ಜೊತೆ ನೆಂಚಿಕೊಳ್ಳುವುದು ಎಂಥ ರುಚಿ ಎಂದು ಕೇಳುವವರಿಗೆ ಥಟ್ಟನೆ ಉತ್ತರ ಹೇಳಲಾಗದು. ಶಾಕಿರಾ ಖಲೀಲಿಯವರ ಪ್ರಕರಣವನ್ನೇ ತೆಗೆದುಕೊಳ್ಳಿ. ಆಕೆ 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು. 1991ರಲ್ಲಿ ಬೆಂಗಳೂರಿನ ಮನೆಯಿಂದ ಕಾಣೆಯಾದರು. 1994ರಲ್ಲಿ ಅದೇ ಮನೆಯ ಅಂಗಳದ ನೆಲದಡಿ ಶವ ಸಿಕ್ಕಿತು. ಎರಡನೆಯ ಗಂಡ ಶ್ರದ್ಧಾನಂದನಿಗೆ ಸುಪ್ರೀಂ ಕೋರ್ಟು 2008ರಲ್ಲಿ ಕಡಿತವಿಲ್ಲದ ಜೀವಾವಧಿ ಶಿಕ್ಷೆ ಕೊಟ್ಟಿತು. 2023ರ 'ಡ್ಯಾನ್ಸಿಂಗ್ ಆನ್ ದಿ ಗ್ರೇವ್' ಸರಣಿಯಲ್ಲಿ ಆ ಅಪರಾಧಿಗೂ ತನ್ನ ವಾದ ಹೇಳಿಕೊಳ್ಳಲು ಜಾಗ ಸಿಕ್ಕಿತು. ನನಗೆ ಕಸಿವಿಸಿಯಾಗುವುದು ಇಲ್ಲಿಯೇ. ಕೊಂದವನು ಮಾತಾಡಬಲ್ಲ, ಸತ್ತವಳು ಆಡಲಾರಳು. ಕ್ಯಾಮೆರಾ ಮಾತಾಡುವವರ ಕಡೆಗೇ ತಿರುಗುತ್ತದೆ. ಆದರೆ ಈ ದೋಷ ತೆಗೆದವರದು, ನೋಡಿದವರದಲ್ಲ. 'ನಮ್ಮ ದಿವಾನರ ಮೊಮ್ಮಗಳು' ಎಂದೇ ಆಕೆಯನ್ನು ಕರೆದು, ಮೂರು ವರ್ಷ ಆ ಅಂಗಳದ ಮೇಲೆ ಓಡಾಡಿದವರೆಲ್ಲ ಯಾರು ಎಂದು ಪಟ್ಟಿ ಮಾಡುವ ಪ್ರೇಕ್ಷಕ, ಸರಣಿ ಬಿಟ್ಟುಕೊಟ್ಟ ಪಕ್ಷವನ್ನು ತಾನು ವಹಿಸಿಕೊಳ್ಳುತ್ತಾನೆ.

ಇಂಥದನ್ನು ನೋಡಿ ಜನ ಕೊಲೆ ಕಲಿಯುತ್ತಾರೆಂಬ ಹಿರಿಯರ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಡ. ಸಯನೈಡ್ ಮೋಹನ್ 2003ರಿಂದ 2009ರ ನಡುವೆ ದಕ್ಷಿಣ ಕನ್ನಡ ಮತ್ತು ಸುತ್ತಲಿನ 20 ಹೆಣ್ಣುಮಕ್ಕಳನ್ನು ಕೊಂದ. ಅವನ ಕಥೆಯಿಂದ ಪ್ರೇರಣೆ ಪಡೆದ ಹಿಂದಿಯ 'ದಹಾಡ್' ಬಂದದ್ದು 2023ರಲ್ಲಿ. ಅವನು ಧಾರಾವಾಹಿ ನೋಡಿ ಕಲಿಯಲಿಲ್ಲ, ಧಾರಾವಾಹಿಯವರು ಅವನನ್ನು ನೋಡಿ ಕಲಿತು ಕಥೆಯನ್ನು ರಾಜಸ್ಥಾನಕ್ಕೆ ಸಾಗಿಸಿದರು.

ಪೂರ್ವಗ್ರಹದ ಆಕ್ಷೇಪ ಇದಕ್ಕಿಂತ ಗಟ್ಟಿ. 2012ರ 'ದಂಡುಪಾಳ್ಯ' ನೋಡಿ ಬಂದವರಿಗೆ ಹೊಸಕೋಟೆ ಹತ್ತಿರದ ಒಂದು ಹಳ್ಳಿಯ ಹೆಸರು ಹಳ್ಳಿಯದಾಗಿ ಉಳಿಯಲೇ ಇಲ್ಲ, ಗ್ಯಾಂಗಿನದಾಯಿತು. ಪೊಲೀಸರು ಆರೋಪಿಗಳನ್ನು ಚಚ್ಚಿದಾಗ ಥಿಯೇಟರಿನಲ್ಲಿ ಶಿಳ್ಳೆ ಬಿತ್ತು. ಅದೇ ನಿರ್ದೇಶಕ ಶ್ರೀನಿವಾಸರಾಜು 2017ರ ಎರಡನೆಯ ಭಾಗದಲ್ಲಿ ಅದೇ ಆರೋಪಿಗಳ ಬಾಯಿಂದ ಅವರ ಪಕ್ಷದ ಕಥೆ ಹೇಳಿಸಿದರು. ಮೊದಲು ಶಿಳ್ಳೆ ಹೊಡೆದವರು ಆಗ ಎಲ್ಲಿ ನೋಡುವುದೆಂದು ತಿಳಿಯದೆ ಪಾಪ್‌ಕಾರ್ನ್ ನೋಡಿದರು. ಜ್ಯೂರಿ ತಪ್ಪುತ್ತದೆ ಎನ್ನುವುದಕ್ಕೆ ನಾನಾವತಿಯೇ ಸಾಕ್ಷಿ, ಒಪ್ಪಿದೆ. ಆದರೆ ಈ ವಿಷಯದಲ್ಲಿ ರಾಜೀವನಗರದ ಪೀಠಕ್ಕೆ ಒಂದು ಅನುಕೂಲವಿದೆ. ರಾಜೀವನಗರವೂ ಸೇರಿದಂತೆ ಉದಯಗಿರಿ ಸುತ್ತಿನ ಬಡಾವಣೆಗಳ ಹೆಸರು ಸುದ್ದಿಯಲ್ಲಿ ಬಂದರೆ 'ಸೂಕ್ಷ್ಮ ಪ್ರದೇಶ' ಎಂಬ ಬಿರುದು ಬೆನ್ನಿಗೇ ಅಂಟಿಕೊಂಡು ಬರುತ್ತದೆ. ವಿಳಾಸ ಹೇಳಿದ ಕೂಡಲೇ ಎದುರಿನವರ ಹುಬ್ಬು ಮೇಲೇರುವುದನ್ನು ಕಂಡವರಿಗೆ, ಒಂದು ಊರಿಗೆ ಊರೇ ಕೊಲೆಗಡುಕರದೆಂದು ತೆರೆಯ ಮೇಲೆ ತೋರಿಸಿದರೆ ನಂಬಿಕೆ ಬರುವುದು ಕಷ್ಟ. "ಆ ಹಳ್ಳೀಲಿ ಸ್ಕೂಲ್ ಮೇಷ್ಟ್ರು ಯಾರೂ ಇರ್ಲಿಲ್ವಾ ಸಾ?" ಎಂದು ಕೇಳುವ ಜ್ಯೂರಿ ಇಲ್ಲಿಯೇ ಹುಟ್ಟಬೇಕು. ಅನುಮಾನ ಪಡುವುದನ್ನು ಎಲ್ಲ ಥ್ರಿಲ್ಲರುಗಳೂ ಕಲಿಸುತ್ತವೆ. ಅನುಮಾನದ ಮೇಲೆಯೇ ಅನುಮಾನ ಪಡುವುದನ್ನು ವಿಳಾಸ ಕಲಿಸುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ಈ ಪೀಠದ ದೊಡ್ಡ ಕೊರತೆಯನ್ನೂ ಹೇಳಬೇಕು: ಅಲ್ಲಿ ಕೂತಿರುವವರೆಲ್ಲ ಗಂಡಸರು. ಆದ್ದರಿಂದ ಅವರ ವಾದ ಬಂದೂಕು, ಬೈಕು, ಕ್ಲೈಮ್ಯಾಕ್ಸು ಇವುಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಇವರಿಗಿಂತ ನಿಷ್ಠುರವಾದ ಪೀಠ ಮನೆಯೊಳಗಿದೆ. ಕಲರ್ಸ್ ವಾಹಿನಿಯವರ 'ಶಾಂತಂ ಪಾಪಂ' ನೋಡುತ್ತಾ ಬೀನ್ಸ್ ನಾರು ತೆಗೆಯುವ ಹೆಂಗಸರು ಆಪಾದಿತನನ್ನು ಮೊದಲ ಹತ್ತು ನಿಮಿಷದಲ್ಲಿ ಗುರುತಿಸಿ, ಉಳಿದ ಹೊತ್ತಿನಲ್ಲಿ ಅವನ ಅತ್ತೆಯನ್ನು ವಿಚಾರಣೆಗೆ ಒಳಪಡಿಸುತ್ತಾರೆ. ಸಯನೈಡ್ ಮೋಹನನ ಪ್ರಕರಣವನ್ನೇ ನೋಡಿ. ಕೊಲೆಯಾದ ಹಲವರ ಶವಗಳು ಸಿಕ್ಕಿದ್ದು ಮೈಸೂರಿನ ಬಸ್ ನಿಲ್ದಾಣದ ಶೌಚಾಲಯದಲ್ಲಿ. ಊರವರಿಗೆ ದಿನವೂ ಕಾಣುವ ಜಾಗ. ಒಳ್ಳೆಯ ಸೀರೆಯುಟ್ಟ ಹೆಣ್ಣುಮಗಳು, ಒಳಗಿನಿಂದ ಚಿಲಕ ಹಾಕಿದ ಬಾಗಿಲು. ಕಡತದಲ್ಲಿ ಒಂದೊಂದೂ ಒಂದೊಂದು ಅಸಹಜ ಸಾವು. ಅವುಗಳನ್ನು ಒಟ್ಟಿಗೆ ಕಟ್ಟುವ ದಾರ ವರ್ಷಗಟ್ಟಲೆ ಯಾರ ಕೈಗೂ ಸಿಗಲಿಲ್ಲ. ಮದುವೆಯಾಗುವೆನೆಂದು ಕರೆತಂದು, ಒಡವೆಗಳನ್ನೆಲ್ಲ ಲಾಡ್ಜಿನಲ್ಲಿ ಬಿಚ್ಚಿಡಿಸಿ, ಗರ್ಭ ತಡೆಯುವ ಮಾತ್ರೆ ಎಂದು ಸಯನೈಡ್ ಕೊಟ್ಟು ಬಸ್ ನಿಲ್ದಾಣಕ್ಕೆ ಕಳಿಸುತ್ತಿದ್ದ ಅವನ ಕಥೆ ಕೇಳಿದಾಗ ಟೀ ಅಂಗಡಿಯವರು ವಿಷ ಎಲ್ಲಿಂದ ಬಂತು, ಎಷ್ಟು ಸೆಕೆಂಡಿನಲ್ಲಿ ಏರಿತು ಎಂದು ವಾದಿಸುತ್ತಾರೆ. ಮನೆಯ ಪೀಠ ಕೇಳುವ ಮೊದಲ ಪ್ರಶ್ನೆ ಬೇರೆ: ಮದುವೆಗೆಂದು ಹೊರಟವಳ ಕಿವಿ, ಕೊರಳು, ಕೈ ಎಲ್ಲ ಬರಿದಾಗಿವೆಯಲ್ಲ, ಒಡವೆ ಎಲ್ಲಿ ಹೋಯಿತು?